ಗೌಡರ ಬಚ್ಚಲ ಒಲೆ

"ನಮ್ಮ ಮಾವಾರ ತಲಿ ಸುಟ್ಟ ಬೂದಿ ಮಾಡಿದೆಲ್ಲಲೇ ರಂಡಿ! ಮೂವತ್ತ ವರ್ಸ ಹೊಗಿ ಹಾಕಿ ಹಾಕಿ ಶೇಂಗಾ ಹುರದಂಗ ಹುರದ ಬಿಟ್ಟೆಲ್ಲ!"

ಗೌಡ್ತಿ ಅನ್ನಪೂರ್ಣಾ ಹಿತ್ತಲ ಬಾಗಿಲ ಹೊಸ್ತಿಲಲ್ಲಿ ನಿಂತು ಬೈಯುತ್ತಿದ್ದಳು. ಹೊಸ್ತಿಲು ದಾಟಿ ಬಂದು ಬೈಯಲು ಹೊಗೆಯ ಹೆದರಿಕೆ. ಸೆರಗನ್ನು ಮೂಗಿಗೆ ಒತ್ತಿ ಹಿಡಿದಿದ್ದರಿಂದ ಅರ್ಧ ಬೈಗುಳ ಸೆರಗಿನೊಳಗೇ ಉಳಿಯುತ್ತಿತ್ತು. ಉಳಿದರ್ಧವೇ ಸಾವಂತ್ರೆವ್ವನಿಗೆ ಸಾಕಾಗಿತ್ತು. ಅವಳು ಒಲೆಯ ಬಾಯಿಗೆ ಇನ್ನೊಂದು ಹಿಡಿ ಹತ್ತಿಕಟ್ಟಿಗೆ ತುರುಕಿ, ನೀರಾಡುವ ಕಣ್ಣು ಒರೆಸಿಕೊಂಡು ಕೇಳಿದಳು.

"ಏನಾತ್ರಿ ಅವ್ವಾರ?"

"ಏನಾತ್ರಿ ಅಂತ ಕೇಳ್ತಾಳ ನೋಡು, ಏನೂ ಗೊತ್ತಿಲ್ಲದಾಕಿ! ನಿನ್ನಿ ಬೀಗರ ಮುಂದ ನಮ್ಮ ಮರ್ಯಾದಿ ಹೋತು!"

ಆದದ್ದು ಇಷ್ಟು. ಗೌಡ್ತಿಯ ಮಗಳು ಶಿವಾನಿ ಬೆಳಗಾವಿಯಲ್ಲಿ ಡಾಕ್ಟರಕಿ ಓದುತ್ತಿದ್ದಳು. ಅವಳನ್ನು ನೋಡಲು ಬೈಲಹೊಂಗಲದ ಒಬ್ಬ ದೊಡ್ಡ ಅಡತಿ ವ್ಯಾಪಾರಿ ಎರಡು ಕಾರಿನ ತುಂಬ ಮಂದಿಯನ್ನು ಹೇರಿಕೊಂಡು ಬಂದಿದ್ದ. ಪಡಸಾಲೆಯಲ್ಲಿ ಚೂಡಾ, ಶೇಂಗಾ ಹೋಳಿಗೆ ಹಂಚುವ ಹೊತ್ತಿಗೆ ಮನೆಯ ಹಿರಿಯ, ಗೌಡ್ತಿಯ ಮಾವ, ಎಂಬತ್ತೆರಡು ವಯಸ್ಸಿನ ಮಹಾಂತಪ್ಪಗೌಡರು ಸೊಂಟಕ್ಕೆ ಒಂದು ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ನೇರವಾಗಿ ಅಲ್ಲಿಗೆ ನಡೆದು ಬಂದರು. ವರನ ತಂದೆಯ ಗದ್ದ ಹಿಡಿದೆತ್ತಿ, "ಎಷ್ಟ ಹಲ್ಲಿನ ಹೋರಿ ಇದು? ಬಾಯಿ ತಗಿ" ಅಂದರು. ಆ ಮನುಷ್ಯ ಗಾಬರಿಗೆ ಬಾಯಿ ತೆರೆದೂ ಬಿಟ್ಟ. ಗೌಡರು ಒಳಗೆ ಬೆರಳು ಹಾಕಿ ನೋಡಿ, "ಮುದಿ ಆಗೇತಿ, ನಮಗ ಬ್ಯಾಡ" ಎಂದು ತೀರ್ಪು ಕೊಟ್ಟರು. ಎರಡೂ ಕಾರು ಹೋಳಿಗೆ ಮುಟ್ಟದೆ ಹೊರಟು ಹೋದವು.

ಗೌಡರ ತಲೆ ಹಳಿ ತಪ್ಪಿದ್ದು ಊರಿಗೆ ಎರಡು ವರ್ಷದಿಂದ ಗೊತ್ತಿತ್ತು. ವಾಡೆಯ ಮನೆಮಂದಿಗೆ ಗೊತ್ತಾದದ್ದು ನಿನ್ನೆ. ಈಗ ಒಂದು ಕಾರಣ ಬೇಕಾಗಿತ್ತು. ಮನೆತನದಲ್ಲೇ ತಲೆ ಕೆಡುವ ರೋಗವಿದೆ ಎಂದು ಸುದ್ದಿಯಾದರೆ ಮುಂದಿನ ವರ ಸವದತ್ತಿ ದಾಟಿ ಬರುವುದಿಲ್ಲ. ಶಿವಾನಿ ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಿ, ಮನೆಯೊಳಗಿನ ಹೊಗೆಯನ್ನು ವರ್ಷಗಟ್ಟಲೆ ಕುಡಿದರೆ ಮೆದುಳು ಸವೆಯುತ್ತದಂತೆ, ಮರೆವು ಬರುತ್ತದಂತೆ ಎಂದು ಓದಿ ಹೇಳಿದಳು. ಇಡೀ ವಾಡೆ ಉಸಿರು ಬಿಟ್ಟಿತು. ರೋಗ ರಕ್ತದ್ದಲ್ಲ, ಹೊಗೆಯದು. ಹೊಗೆ ಹಾಕಿದವಳು ಸಾವಂತ್ರೆವ್ವ.

ಆ ಬಚ್ಚಲನ್ನು ಕಟ್ಟಿದ ರೀತಿಯೇ ಹಾಗಿತ್ತು. ಹಂಡೆ ಒಳಗೆ, ಒಲೆಯ ಬಾಯಿ ಹೊರಗೆ, ನಡುವೆ ಗೋಡೆ. ಕೇರಿಯ ಹೆಂಗಸು ಉರಿ ಹಾಕಬೇಕು, ನೀರು ಕಾಯಿಸಬೇಕು, ಆದರೆ ಅವಳ ನೆರಳು ನೀರಿಗೆ ಬೀಳಬಾರದು. ಮೂವತ್ತೆರಡು ವರ್ಷದಲ್ಲಿ ಸಾವಂತ್ರೆವ್ವ ಆ ಹಂಡೆಯ ತಳವೊಂದನ್ನು ಬಿಟ್ಟು ಬೇರೇನೂ ಕಂಡವಳಲ್ಲ. ಮಾಳಿಗೆಯ ಮೇಲೆ ಸೋಲಾರ ಕೂತು ಆರು ವರ್ಷವಾಗಿತ್ತು. ಬಿಸಿಲಿಗೆ ಕಾದ ನೀರು ಎಮ್ಮೆಯ ಮೈ ತೊಳೆಯಲಿಕ್ಕೆ ಸರಿ, ತಮಗಲ್ಲ ಎಂಬುದು ಗೌಡರ ಹಟವಾಗಿತ್ತು.

ಇನ್ನು ಒಲೆಗೆ ಬೀಳುತ್ತಿದ್ದುದು ಬರೀ ಕಟ್ಟಿಗೆಯೂ ಅಲ್ಲ. ಗೌಡ್ತಿಯ ಗಂಡ ಸಿದ್ಧಾರೂಢಗೌಡ ಏನನ್ನೂ ಹಾಳು ಮಾಡುವ ಪೈಕಿಯಲ್ಲ. ಹೊಲದ ಹರಿದ ಡ್ರಿಪ್ ಪೈಪು, ಬೆಳೆಗೆ ಎಣ್ಣೆ ಹೊಡೆದು ಖಾಲಿಯಾದ ಔಷಧದ ಡಬ್ಬಿ, ಟ್ರ್ಯಾಕ್ಟರಿನ ಸವೆದ ಟಯರಿನ ತುಂಡು, ಎಲ್ಲವೂ ಹಿತ್ತಲಿಗೆ ಬಂದು ಬೀಳುತ್ತಿದ್ದವು. "ಇದರ ಹೊಗಿ ಗಂಟಲಾ ಕೊಯ್ತೈತ್ರಿ ಗೌಡ್ರ" ಎಂದು ಒಮ್ಮೆ ಅಂದಿದ್ದಳು. "ಕೊಯ್ದರ ಕೊಯ್ಲಿ ಬಿಡು, ನೀ ಏನ ಸಂಗೀತಾ ಹಾಡಾಕಿ ಏನು?" ಎಂದು ಅವನು ನಕ್ಕು ಹೋಗಿದ್ದ.

ಈಗ ಗೌಡರ ಮೆದುಳು ಉಳಿಸುವ ಉಪಾಯವನ್ನೂ ಅವನೇ ಮಾಡಿದ. ಮಧ್ಯಾಹ್ನದೊಳಗೆ ಸವದತ್ತಿಯಿಂದ ಒಂದು ಹೊಗೆ ಎಳೆಯುವ ಫ್ಯಾನು ಬಂತು. ಬಚ್ಚಲ ಗೋಡೆ ಕೊರೆದು ಕೂಡಿಸಿದರು. ಒಳಗಿನ ಹೊಗೆಯನ್ನೆಲ್ಲ ಎಳೆದು ಅದು ಹೊರಗೆ ಊದುತ್ತಿತ್ತು, ಸರಿಯಾಗಿ ಒಲೆಯ ಬಾಯಿಯ ಮುಂದೆ ಕೂತವಳ ಮುಖಕ್ಕೆ.

ಸಂಜೆ ಕೇರಿಗೆ ನಡೆಯುವಾಗ ಸಾವಂತ್ರೆವ್ವನ ಮನಸ್ಸಿನಲ್ಲಿ ಬೈಗುಳ ಉಳಿದಿರಲಿಲ್ಲ. ಬೈಗುಳ ಅವಳಿಗೆ ಹಳೆಯದು. ಉಳಿದದ್ದು ಶಿವಾನಿಯ ಮಾತು. ಗೋಡೆಯ ಆಚೆ ದಿನಕ್ಕೆ ಅರ್ಧ ತಾಸು ಕೂತವರ ತಲೆಯನ್ನು ಹೊಗೆ ತಿಂದಿದ್ದರೆ, ಈಚೆ ಅದರ ಬಾಯಿಗೇ ಮೂರು ತಾಸು ಕೂತವಳ ತಲೆಯಲ್ಲಿ ಏನು ಉಳಿದೀತು? ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು. ಹೋದ ವಾರ ಊರಬಾಗಿಲ ಅಗಸಿಯ ಹತ್ತಿರ ನಿಂತು, ತಾನು ಹೋಗುತ್ತಿದ್ದೆನೋ ಬರುತ್ತಿದ್ದೆನೋ ಎಂಬುದೇ ತಿಳಿಯದೆ ಕಟ್ಟೆಯ ಮೇಲೆ ಕೂತು ಬಿಟ್ಟಿದ್ದಳು.

ಉಪ್ಪು ಹೋದರೆ ಹೋಗಲಿ. ಮರೆಯಬಾರದ ಒಂದು ಮಾತನ್ನು ಅವಳು ಮರೆತಿದ್ದಳು.

ಊರ ಪೂರ್ವಕ್ಕೆ ಕೇರಿಯವರ ಸ್ಮಶಾನವಿತ್ತು. ಒಂದು ಎಕರೆ ಹತ್ತು ಗುಂಟೆ. ಪಕ್ಕದಲ್ಲಿ ಗೌಡರ ಕಬ್ಬು. ಮೂವತ್ತೆರಡು ವರ್ಷದ ಹಿಂದೆ ಒಂದು ದಿನ ಅದರ ನಾಲ್ಕು ಮೂಲೆಯ ಗಡಿ ಗುರುತಿನ ಬಾಂದಗಲ್ಲುಗಳು ಇಲ್ಲವಾದವು. ಕೀಳಿಸಿದವರು ಮಹಾಂತಪ್ಪಗೌಡರು, ಕಿತ್ತು ಚಕ್ಕಡಿಯಲ್ಲಿ ಹೇರಿದವನು ಅವರ ಮನೆಯ ಆಳು ಜಟ್ಟೆಪ್ಪ, ಸಾವಂತ್ರೆವ್ವನ ಗಂಡ. ಕಲ್ಲು ಹೋದ ಮೇಲೆ ಕಬ್ಬು ವರ್ಷಕ್ಕೊಂದು ಸಾಲು ಮುಂದೆ ಬಂತು. ಹನ್ನೊಂದು ವರ್ಷದ ಹಿಂದೆ ಜಟ್ಟೆಪ್ಪನನ್ನು ಉಳಿದ ಬಡಗಣ ಮೂಲೆಯಲ್ಲಿ ಹುಗಿದರು. ನಾಲ್ಕು ವರ್ಷದ ಹಿಂದೆ ಆ ಮೂಲೆಯ ಮೇಲೂ ಟ್ರ್ಯಾಕ್ಟರು ಹಾಯಿತು. ಹೋದ ಮಳೆಗಾಲದಲ್ಲಿ ಕೇರಿಯ ಕೆಂಪವ್ವ ಸತ್ತಾಗ ಹಳ್ಳದ ದಂಡೆಯಲ್ಲಿ ಹುಗಿಯಬೇಕಾಯಿತು. ಮೂರನೆಯ ದಿನ ಹಳ್ಳ ಬಂದು ಅವಳ ಕಾಲು ಮೇಲೆದ್ದವು, ನಾಯಿ ಓಡಿಸಲು ಅವಳ ಮಕ್ಕಳು ಪಾಳಿಯ ಮೇಲೆ ಕಾದರು.

ಸಾಯುವ ಮುಂಚೆ ಜಟ್ಟೆಪ್ಪ ಹೆಂಡತಿಯನ್ನು ಕರೆದು, ಆ ಕಲ್ಲುಗಳನ್ನು ಎಲ್ಲಿ ಹಾಕಿದೆ ಎಂದು ಹೇಳಿದ್ದ. ಹೇಳಿದ್ದು ನೆನಪಿತ್ತು. ಅವನ ಕೆಮ್ಮು, ಅವನು ಹೊದ್ದ ಕೌದಿ, ಮೂಲೆಯಲ್ಲಿ ಮಲಗಿದ್ದ ಆಡಿನ ಮರಿ ನೆನಪಿದ್ದವು. ಎಲ್ಲಿ ಎಂಬುದೊಂದು ಹೋಗಿತ್ತು.

"ಆಯಿ, ನಾಡದ ಬರಾಂವ ಸರ್ವೇದಾವ" ಎಂದಳು ಮೊಮ್ಮಗಳು ದುರ್ಗಾ. ಡಿಗ್ರಿ ಮುಗಿಸಿದ ಹುಡುಗಿ. ಸ್ಮಶಾನ ಅಳೆದು ಕೊಡಿ ಎಂದು ಕೇರಿಯ ಪರವಾಗಿ ಅರ್ಜಿ ಬರೆದವಳು ಅವಳೇ. "ಹಳೇ ಕಲ್ಲ ಒಂದರ ಸಿಕ್ಕರ ಅಲ್ಲಿಂದ ಅಳೀತೇನಿ, ಇಲ್ಲಂದ್ರ ಆಗೂದಿಲ್ಲ ಅಂದಾನ. ಸಾಕ್ಷಿಗಿ ನಿನ್ನ ಹೆಸರ ಕೊಟ್ಟೇನಿ. ನೆನಪ ಮಾಡ್ಕೋ."

"ಮಾಡ್ಕೊಳ್ಳಾಕತ್ತೀನೆವ್ವಾ. ನಾಲಿಗಿ ತುದೀಗಿ ಬರ್ತೈತಿ, ಹೊಳ್ಳಿ ಹೋಗ್ತೈತಿ." ಸಾವಂತ್ರೆವ್ವ ಹಣೆ ಹಣೆ ಬಡಿದುಕೊಂಡಳು. "ಆ ಒಲಿ ತಿಂತ ನನ್ನ ತಲೀನ. ನಿಮ್ಮ ಮುತ್ಯಾ ನನ್ನ ನಂಬಿ ಹೇಳಿ ಸತ್ತ. ನಾ ಸತ್ತರ ಅವನ ಬಾಜೂಕ ಮಲಗಬೇಕಂತ ಇದ್ದೆ. ನನ್ನೂ ನಾಯಿ ಎಳೀತಾವ ಈಗ."

ಮರುದಿನ ಬುಧವಾರ ಶಿವಾನಿ ಒಂದು ಹಾಳೆ ಹಿಡಿದುಕೊಂಡು ಪಡಸಾಲೆಯಲ್ಲಿ ಕೂತಳು. ಮರೆವು ಅಳೆಯುವ ಪ್ರಶ್ನೆಗಳ ಹಾಳೆ. ಮೊದಲು ಅಜ್ಜನ ಪರೀಕ್ಷೆ ನಡೆಯಿತು. ಸಾವಂತ್ರೆವ್ವನನ್ನು ಅಂಗಳ ಬಳಿಯಲು ಕರೆದಿದ್ದರು, ಅವಳು ಕೆಳಗಿನಿಂದಲೇ ಎಲ್ಲ ಕೇಳುತ್ತಿದ್ದಳು.

"ಅಜ್ಜಾ, ಇವತ್ತ ಯಾವ ವಾರ?"

"ನಿಮ್ಮಪ್ಪನ್ನ ಕೇಳು."

"ಬುಧವಾರ ಅಂದ್ರು, ಬರಕೋ" ಎಂದ ಹಿಂದೆ ನಿಂತಿದ್ದ ಸಿದ್ಧಾರೂಢಗೌಡ.

"ಇದು ಯಾವ ಊರು ಅಜ್ಜಾ?"

"ನಂದು."

ಸಿದ್ಧಾರೂಢಗೌಡನಿಗೆ ಇದಕ್ಕಿಂತ ಸರಿಯಾದ ಉತ್ತರ ಇರಲಾರದು ಅನ್ನಿಸಿತು. ಸೇಬು, ಮೇಜು, ಛತ್ರಿ ಎಂಬ ಮೂರು ಮಾತು ಹೇಳಿ ಐದು ನಿಮಿಷ ಬಿಟ್ಟು ಕೇಳಿದಾಗ ಗೌಡರು, "ಸೇಬು ಯಾರ ತಿಂದ್ರಿ?" ಎಂದು ಸಿಟ್ಟಾದರು. ಒಂದು ಹೇಳಿದರಲ್ಲ ಎಂದು ಅದಕ್ಕೂ ಅಂಕ ಬಿತ್ತು. ಮಗ ಹಿಂದಿನಿಂದ ಹೇಳಿಕೊಟ್ಟದ್ದನ್ನೂ ಹಿಡಿದು ಮೂವತ್ತಕ್ಕೆ ಇಪ್ಪತ್ತನಾಲ್ಕು ಬಂದವು. ಗೌಡರ ತಲೆ ಗಟ್ಟಿ ಎಂದು ಹಾಳೆಯೇ ಹೇಳಿತು.

ಆಗ ಸಿದ್ಧಾರೂಢಗೌಡನ ಕಣ್ಣು ಅಂಗಳಕ್ಕೆ ಬಿತ್ತು. ಅವನ ಮುಖದಲ್ಲಿ ಒಂದು ನಗು ಮೂಡಿತು.

"ಶಿವಾನಿ, ಈಕೀಗೂ ಕೇಳು. ಹೊಗಿ ಖರೇ ತಿಂದಾಕಿ ಈಕಿನ ಅಲ್ಲ?"

ಶಿವಾನಿಗೆ ತನ್ನ ಓದಿಗೊಂದು ಕೇಸು ಸಿಕ್ಕಿದ ಖುಷಿಯಾಯಿತು. "ಸಾವಂತ್ರೆವ್ವ, ಇವತ್ತ ತಾರೀಕ ಎಷ್ಟು?"

"ಅಮಾಸಿ ಆಗಿ ಐದನೇ ದಿನಾರಿ ಸಣ್ಣವ್ವಾರ."

ಶಿವಾನಿ ಹಾಳೆ ನೋಡಿದಳು. ಅಮಾವಾಸ್ಯೆ ಬರೆಯಲು ಅಲ್ಲಿ ಜಾಗವಿರಲಿಲ್ಲ. ಸೊನ್ನೆ.

"ನೂರರಾಗ ಏಳ ಕಳದರ ಎಷ್ಟು? ಅದರಾಗ ಮತ್ತ ಏಳ ಕಳಿ."

"ನೂರ ನನ್ನ ಕೈಯಾಗ ಯಾರ ಕೊಟ್ಟಾರ್ರಿ, ಏಳೇಳ ಕಳಕೊಂತ ಕುಂದ್ರಾಕ?"

ಸೊನ್ನೆ. ಮೂರು ಮಾತಿನ ಸರದಿ ಬಂದಾಗ ಶಿವಾನಿ ಬಾಯಿ ತೆರೆಯುವ ಮೊದಲೇ ಸಾವಂತ್ರೆವ್ವ, "ಸೇಬು, ಮೇಜು, ಛತ್ರಿ. ಗೌಡ್ರಿಗಿ ಕೇಳಿದಾಗಿಂದ ತಲ್ಯಾಗ ಅದಾವ್ರಿ. ಮೇಜು ಅಂದ್ರ ಏನಂತ ಮಾತ್ರ ತಿಳೀಲಿಲ್ಲ" ಅಂದಳು. ಶಿವಾನಿ ಕಣ್ಣರಳಿಸಿ ಮೂರು ಅಂಕ ಬರೆಯಹೋದಳು.

"ಏ, ಹೊಡದ ಹಾಕ ಅದನ್ನ" ಎಂದ ಅಪ್ಪ. "ಕದ್ದ ಕೇಳ್ಯಾಳ. ಕಾಪಿ ಅದು."

ಕೊನೆಗೆ ಒಂದರೊಳಗೊಂದು ಸಿಕ್ಕ ಎರಡು ಆಕೃತಿಗಳನ್ನು ನೋಡಿ ಬರೆಯಬೇಕಾಗಿತ್ತು. ಸಾವಂತ್ರೆವ್ವ ಪೆನ್ನನ್ನು ಕಡ್ಡಿ ಹಿಡಿದಂತೆ ಹಿಡಿದು, ಹಾಳೆ ಹರಿಯುವಂತೆ ಎರಡು ಗೆರೆ ಎಳೆದಳು. ಪೆನ್ನು ಹಿಂದಿರುಗಿಸಲು ಕೈ ಚಾಚಿದಾಗ ಗೌಡ್ತಿ ಒಳಗಿನಿಂದಲೇ ಕೂಗಿದಳು, "ಅದನ್ನ ಆಕೀಗೇ ಬಿಡಲೇ ಶಿವಾನಿ, ಮತ್ತ ಮನಿಯಾಗ ತರಬ್ಯಾಡ!"

ಸಾವಂತ್ರೆವ್ವನಿಗೆ ಹನ್ನೊಂದು ಬಂದವು. ಜೊತೆಗೆ ಒಂದು ಪೆನ್ನು.

"ಬರೀ ಹಂಗಾರ" ಎಂದ ಸಿದ್ಧಾರೂಢಗೌಡ. "ಹೊಗಿಂದ ಈಕಿ ನೆನಪ ಪೂರಾ ಹೋಗೇತಿ, ಈಕಿ ಮಾತ ನಂಬಾಕ ಬರೂದಿಲ್ಲ ಅಂತ ಬರಿ. ನಾಳಿ ಸರ್ವೇದಾವ ಬಂದಾಗ ಬೇಕಾಗತೈತಿ."

"ಪಪ್ಪಾ, ನಾ ಇನ್ನೂ ಕಲಿಯಾಕತ್ತಾಕಿ. ಸರ್ಟಿಫಿಕೇಟ ಕೊಡಾಕ ಬರೂದಿಲ್ಲ. ಮತ್ತ ಈ ಹಾಳಿ ಸಾಲಿ ಕಲತವರಿಗೆ ಮಾಡಿದ್ದು..."

"ನಿನ್ನ ಓದಿಗಿ ರೊಕ್ಕಾ ಸುರುವಿದಾಂವ ನಾನು. ಬರೀ ಅಂದ್ರ ಬರೀ."

ಶಿವಾನಿ ಬರೆದಳು. ನಿನ್ನೆಯವರೆಗೆ ಗೌಡರ ತಲೆ ಕೆಡಿಸಿದ ಹೊಗೆ ಇವತ್ತು ಗೌಡರನ್ನು ಬಿಟ್ಟು ಸಾವಂತ್ರೆವ್ವನ ತಲೆಗೆ ಏರಿತ್ತು. ಸಾವಂತ್ರೆವ್ವ ಸಗಣಿ ಕೈಯಲ್ಲೇ ನಿಂತು ಕೇಳಿದಳು. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ಅಳು ಬಂದದ್ದು, ಆ ಕಾಗದ ಸುಳ್ಳಲ್ಲವೇನೋ ಎಂಬ ಸಂಶಯಕ್ಕೆ.

ಗುರುವಾರ ದುರ್ಗಾ ಬೇಡವೆಂದರೂ ಅವಳು ಒಲೆಗೆ ಹೋದಳು. "ಸರ್ವೇದಾವ ಮೊದಲ ವಾಡೇಕ್ಕ ಚಾ ಕುಡ್ಯಾಕ ಬರ್ತಾನ. ನಾ ಅಲ್ಲೇ ಇರ್ತೇನಿ. ನೀವ ಬಾಗಲಾ ಹೊರಗ ನಿಂದರ್ರಿ" ಎಂದಿದ್ದಳು. ಹಾಗೇ ಆಯಿತು. ಸರ್ವೇ ಮಾಡುವ ಕಾಂತೇಶ ಒಂಬತ್ತಕ್ಕೆ ಮೋಟರ್‌ಸೈಕಲ್ ಮೇಲೆ ಬಂದು, ಸರಪಣಿ ಚೀಲವನ್ನು ಕಟ್ಟೆಗಿಟ್ಟು, ಸೀದಾ ಪಡಸಾಲೆಗೆ ಹತ್ತಿದ. ಎರಡು ಚಹಾ, ಒಂದು ತಟ್ಟೆ ಉಪ್ಪಿಟ್ಟು ಮುಗಿದ ಮೇಲೆ ಸಾವಂತ್ರೆವ್ವನನ್ನು ಅಂಗಳಕ್ಕೆ ಕರೆಸಿದರು. ಬಾಗಿಲಾಚೆ ಕೇರಿಯ ಮೂವತ್ತು ಮಂದಿ ನಿಂತಿದ್ದರು.

"ಆಯಿ, ಕಲ್ಲ ಎಲ್ಲಿ ಅದಾವು ಹೇಳು" ಎಂದ ಕಾಂತೇಶ.

"ನನ್ನ ಗಂಡ ಹೇಳಿದ್ದ್ರಿ..."

"ಏನಂತ ಹೇಳಿದ್ದ?"

ಸಾವಂತ್ರೆವ್ವ ಕಣ್ಣು ಮುಚ್ಚಿ ಹುಡುಕಿದಳು. ಕೆಮ್ಮು, ಕೌದಿ, ಆಡಿನ ಮರಿ. ಅದರಾಚೆ ಬರೀ ಕಪ್ಪು.

"ನೋಡ್ರಿ ಸಾಹೇಬ್ರ" ಎಂದು ಸಿದ್ಧಾರೂಢಗೌಡ ಕಾಗದ ಮುಂದೆ ಚಾಚಿದ. "ಪಾಪ, ಆಕೀದ ತಪ್ಪಲ್ಲ. ಮೂವತ್ತೆರಡ ವರ್ಸದ ಹೊಗಿ. ತಲಿ ಖಾಲಿ. ಡಾಕ್ಟರ ಬರದದ್ದು."

"ಖಾಲಿ ಮಾಡಿದ್ದ ಯಾರ್ರಿ?" ಬಾಗಿಲಿನಿಂದ ದುರ್ಗಾ ಕೂಗಿದಳು. ಅವಳನ್ನು ಯಾರೂ ತಿರುಗಿ ನೋಡಲಿಲ್ಲ. ಕಾಂತೇಶ ಪುಸ್ತಕ ತೆಗೆದು, ಗುರುತು ಸಿಗಲಿಲ್ಲ ಎಂದು ಬರೆಯತೊಡಗಿದ. ಅಷ್ಟರಲ್ಲಿ ಗೌಡ್ತಿಯ ದನಿ ಬಂತು, "ಸಾವಂತ್ರೀ, ಮಾವಾರ ಬಚ್ಚಲಕ್ಕ ಹೋಗ್ಯಾರ, ಉರಿ ಆರಿಸಿ ಎಲ್ಲಿ ಮೆರ್ಯಾಕ ಹೋದಿ?"

ಅವಳು ಹೋಗಿ ಒಲೆಯ ಮುಂದೆ ಕುಕ್ಕರಿಸಿದಳು. ಕೊಳ್ಳಿ ಮುಂದೆ ತಳ್ಳಿದಳು. ಹೊಸ ಫ್ಯಾನು ಮುಖದ ತುಂಬ ಹೊಗೆ ಊದಿತು, ಕಣ್ಣೀರು ಯಾವುದರದೆಂದು ಈಗ ಯಾರೂ ಕೇಳುವಂತಿರಲಿಲ್ಲ. ಮೂವತ್ತು ಮಂದಿಯ ಮುಂದೆ ತಾನು ಗಂಡನ ಮಾತು ಕಳೆದೆ ಎಂದು ಅವಳ ಜೀವ ಹಿಂಡಿ ಬಂತು.

ಫ್ಯಾನಿನ ಕಿಂಡಿಯಿಂದ ಹೊಗೆಯ ಜೊತೆ ಗೌಡರ ದನಿಯೂ ಹೊರಬಿತ್ತು.

"ಜಟ್ಟ್ಯಾ! ಏ ಜಟ್ಟ್ಯಾ! ಇನ್ನೂ ಕುಂದ್ರಸಿಲ್ಲೇನೋ ಅದನ್ನ?"

ಈಚೆಗೆ ಗೌಡರು ಮೈ ಮೇಲೆ ನೀರು ಹಾಕಿಕೊಳ್ಳುವಾಗ ಸತ್ತವರನ್ನೆಲ್ಲ ಕರೆಯುತ್ತಿದ್ದರು. ಇವಳು ಕಿವಿಗೊಡುತ್ತಿರಲಿಲ್ಲ. ಇವತ್ತು ಏನನ್ನಿಸಿತೋ, ಗಂಟಲು ದಪ್ಪ ಮಾಡಿ ಕೇಳಿದಳು, "ಯಾವದ್ರಿ ಗೌಡ್ರ?"

"ಸುಡಗಾಡದ ಕಲ್ಲೋ, ಮಬ್ಬ ಸೂಳಿಮಗನ! ಅಡ್ಡ ಹಾಕು, ಒಲಿಬಾಯಿ ಮ್ಯಾಲೆ. ಗುರ್ತಿನ ಮಾರಿ ಒಳಗ ಮಾಡು, ಉರಿ ಬಡದ ಬಡದ ಅಳಿಸಿ ಹೋಗ್ಲಿ. ಉಳದ ಮೂರ ಹಂಡೇದ ಕೆಳಗ ಇಡು."

ಕೌದಿಯೊಳಗಿನಿಂದ ಜಟ್ಟೆಪ್ಪನ ಬಾಯಿ ಈಗ ಚಲಿಸಿತು. "ದಿನಾ ನೀ ಅದರ ಮುಂದನ ಕುಂದರತೀಯಲ್ಲ, ಅದಕ್ಕ ಹೇಳಾಕ ನಾಚಿಕಿ ಬರ್ತಿತ್ತು" ಎಂದಿದ್ದ. ಅವನು ಹೇಳಿದ್ದು ಅಷ್ಟೂ ಒಮ್ಮೆಗೇ ಬಂದು ನಿಂತಿತು. ಸಾವಂತ್ರೆವ್ವ ತಲೆಯೆತ್ತಿ ಒಲೆಬಾಯಿಯ ಮೇಲಿನ ಅಡ್ಡಗಲ್ಲು ನೋಡಿದಳು. ಬೆರಳು ದಪ್ಪ ಮಸಿ ಮೆತ್ತಿದ ಕಲ್ಲು. ಅದರ ಮೇಲೆ ಅವಳು ಎಷ್ಟು ಸಲ ರೊಟ್ಟಿ ಬಿಸಿ ಮಾಡಿಕೊಂಡಿದ್ದಳೋ ಲೆಕ್ಕವಿಲ್ಲ.

ಕಟ್ಟಿಗೆ ಗೂಡಿನಲ್ಲಿದ್ದ ಹಾರೆ ಎತ್ತಿದಳು. ಮೊದಲ ಏಟಿಗೆ ಗಾರೆ ಉದುರಿತು. ಮೂರನೆಯದಕ್ಕೆ ಗೋಡೆ ಬಿರಿಯಿತು. ಐದನೆಯದಕ್ಕೆ ಒಳಗೆ ಹಂಡೆ ವಾಲಿ ಬಿಸಿನೀರು ಒಲೆಯೊಳಗೆ ನುಗ್ಗಿ, ಬೂದಿ ಭುಸ್ಸೆಂದು ಎದ್ದು, ಅಡ್ಡಗಲ್ಲು ಹೊಗೆಯಾಡುತ್ತ ಅವಳ ಕಾಲ ಮುಂದೆ ಉರುಳಿತು.

"ಏ ಬೋಸುಡಿ, ಒಲಿ ಒಡದ್ಲು! ಖರೇನ ಹುಚ್ಚ ಹಿಡದೈತಿ ಈಕೀಗಿ!" ಗೌಡ್ತಿ ಓಡಿ ಬಂದಳು. ಹಿಂದೆ ಸಿದ್ಧಾರೂಢಗೌಡ, ಕಾಂತೇಶ, ಅವರ ಹಿಂದೆ ಬಾಗಿಲು ತಳ್ಳಿಕೊಂಡು ಕೇರಿಯ ಮಂದಿ. ಸಾವಂತ್ರೆವ್ವ ಯಾರಿಗೂ ಉತ್ತರ ಕೊಡದೆ, ಗೌಡ್ತಿ ಬೇಡವೆಂದು ಬಿಟ್ಟ ಪೆನ್ನನ್ನು ಸೊಂಟದಿಂದ ತೆಗೆದು ಅದರ ಮೊನೆಯಿಂದ ಕಲ್ಲಿನ ಒಳಮುಖದ ಮಸಿ ಕೆರೆದಳು. ಕೆರೆದಷ್ಟೂ ಒಂದು ಗೆರೆ ಕಂಡಿತು. ಅದನ್ನು ಕೊಯ್ಯುವ ಇನ್ನೊಂದು. ಉಳಿ ಹಿಡಿದು ಕೊರೆದ ಸರ್ವೇ ಗುರುತು.

"ನಿನ್ನಿ ಬರ್ಯಾಕ ಬರಲಿಲ್ಲಂದ್ರೆಲ್ಲ ಸಣ್ಣವ್ವಾರ" ಎಂದಳು ಶಿವಾನಿಯತ್ತ ನೋಡಿ. "ಇವತ್ತ ನೋಡ್ರಿ, ಬರದೇನಿ."

ಶಿವಾನಿ ತಲೆ ತಗ್ಗಿಸಿದಳು. ಅವಳಪ್ಪ ತಗ್ಗಿಸಲಿಲ್ಲ. "ಒಲಿ ಕಲ್ಲ ಒಲಿ ಕಲ್ಲ. ಎಲ್ಲಿಂದರ ಬಂದೀತು. ಇದ್ದ ಜಾಗಾ ಗೊತ್ತಿಲ್ಲದ ಕಲ್ಲ ತಗೊಂಡ ಏನ ಮಾಡ್ತೀರಿ ಸಾಹೇಬ್ರ?"

ಕಾಂತೇಶ ಗುರುತಿನ ಮೇಲೆ ಬೆರಳಾಡಿಸಿದ. ಉಪ್ಪಿಟ್ಟು ತಿಂದ ಬೆರಳು ಕಪ್ಪಾಯಿತು. "ಗುರ್ತು ನಮ್ಮದ ಐತ್ರಿ ಗೌಡ್ರ" ಎಂದ ಸಣ್ಣ ದನಿಯಲ್ಲಿ. "ಆದ್ರ ಜಾಗಾ..."

ಅಷ್ಟರಲ್ಲಿ ಬಚ್ಚಲ ಬಾಗಿಲು ತೆರೆಯಿತು. ಮಹಾಂತಪ್ಪಗೌಡರು, ಸೊಂಟಕ್ಕೆ ಅದೇ ಟವೆಲ್, ಅರ್ಧ ಮೈಯಲ್ಲಿ ಸಾಬೂನು ನೊರೆ, ಹೊರಗೆ ಬಂದು ಕಲ್ಲು ನೋಡಿದರು. ಅವರಿಗೆ ಬಹಳ ಸಿಟ್ಟು ಬಂತು.

"ಇಲ್ಲಿಗ್ಯಾಕ ತಂದ್ರೋ ಇದನ್ನ? ಇದ ಬಡಗಣ ಮೂಲೀದು. ನಡೀರಿ, ತೋರಸ್ತೇನಿ."

"ಅಪ್ಪಾ, ಒಳಗ ನಡೀರಿ!" ಸಿದ್ಧಾರೂಢಗೌಡ ರಟ್ಟೆ ಹಿಡಿದ. ಸಾಬೂನಿನ ರಟ್ಟೆ ಜಾರಿತು. ಇಪ್ಪತ್ತನಾಲ್ಕು ಅಂಕದ ತಲೆ ಮುಂದೆ ನಡೆಯಿತು. ಕೇರಿಯ ಇಬ್ಬರು ಕಲ್ಲನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಡಿಗೆಗೆ ಕಟ್ಟಿ ಹೊತ್ತರು. ಹಿಂದೆ ಸರಪಣಿ ಚೀಲದ ಕಾಂತೇಶ, ಪಕ್ಕದಲ್ಲಿ ಮೊಬೈಲು ಎತ್ತಿ ಹಿಡಿದ ದುರ್ಗಾ. ಊರ ನಡುವೆ ಹಾಯುವಾಗ ಕಟ್ಟೆಯ ಮೇಲಿನವರು ಎದ್ದು ನಿಂತು ಕೈ ಮುಗಿದರು. ಗೌಡರಿಗೋ ಟವೆಲ್ಲಿಗೋ ಅವರಿಗೇ ತಿಳಿಯಲಿಲ್ಲ.

ಗೌಡರು ಒಮ್ಮೆಯೂ ತಡವರಿಸಲಿಲ್ಲ. ಹೊಲ ದಾಟಿ, ಕಾಲುವೆ ದಾಟಿ, ಎದೆಯುದ್ದ ಕಬ್ಬಿನೊಳಗೆ ನುಗ್ಗಿ, ಗರಿಗೆ ಮೈ ಕೊಯ್ದದ್ದೂ ಗೊತ್ತಾಗದೆ ನಡೆದು, ಒಂದು ಕಡೆ ಹಿಮ್ಮಡಿ ಊರಿ ನಿಂತರು.

"ಇಲ್ಲೆ. ಅಗೀರಿ ಇಲ್ಲೆ."

ಸಾವಂತ್ರೆವ್ವ ಹಾರೆ ಹಿಡಿದುಕೊಂಡು ಅವರ ಎದುರಿಗೆ ಬಂದು ನಿಂತಳು. ಮೂವತ್ತೆರಡು ವರ್ಷದಲ್ಲಿ ನಡುವೆ ಗೋಡೆಯಿಲ್ಲದೆ ಇಷ್ಟು ಹತ್ತಿರ ಅವಳು ನಿಂತದ್ದು ಇದೇ ಮೊದಲು.

ಗೌಡರು ಸುತ್ತ ನೋಡಿದರು. "ಜಟ್ಟ್ಯಾ ಎಲ್ಲಿ? ಕಿತ್ತಾಂವ ಅಂವ, ಅವನ ಹುಗೀಲಿ. ಎಲ್ಲಿ ಹೋಗ್ಯಾನ ಹಾಟ್ಯಾ?"

"ನಿಮ್ಮ ಕಾಲ ಬುಡಕ ಅದಾನ್ರಿ" ಎಂದಳು ಸಾವಂತ್ರೆವ್ವ. "ಅವನ ಎದಿ ಮ್ಯಾಲೆ ನಿಂತೀರಿ. ಸರೀರಿ ಆ ಕಡೆ."